ನಮ್ಮ ಮನೆಯಲ್ಲಿರುವ, ತಮ್ಮ ಪ್ರಕಾರ ಇಲ್ಲದ ಮೇಜಿನ ಕುರಿತು

ಪೂಲ್ ಮೇಜುಗಳನ್ನೂ ಅವುಗಳ ಬಿಡಿಭಾಗಗಳನ್ನೂ ತಯಾರಿಸುವ ಸಂಸ್ಥೆಯ ‘ಗುರುತು ಮತ್ತು ಅಳತೆ’ ವಿಭಾಗದ ಘನ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಅಳತೆಪಟ್ಟಿಗೂ, ಆ ಪಟ್ಟಿಯ ಕೆಳಗೆ ಇರುವೆಸಾಲಿನಂತೆ ಹರಿದಾಡುವ ಷರತ್ತುಗಳಿಗೂ ಪ್ರತ್ಯೇಕವಾಗಿ ವಂದಿಸಿ, ಈ ಪತ್ರವನ್ನು ಓದಲು ಬಿಡುವು ಮಾಡಿಕೊಂಡಿದ್ದಕ್ಕೆ, ಒಂದು ವೇಳೆ ಮಾಡಿಕೊಂಡಿದ್ದರೆ, ಮುಂಚಿತವಾಗಿಯೇ ಕೃತಜ್ಞತೆ ಸಲ್ಲಿಸುತ್ತೇನೆ.

ತಮಗೆ ನೆನಪಿರಲಿಕ್ಕಿಲ್ಲ, ನಾನು ಕೇಳಿದ್ದು ಮೇಜಿನ ಮೇಲೆ ಹಾಸಲು ಒಂದು ಹಸಿರು ಬಟ್ಟೆ ಮತ್ತು ಅಂಚಿಗೆ ಹೊಸ ರಬ್ಬರು, ಅಷ್ಟೇ. ನನ್ನ ಮಾವನವರಿಗೆ ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಕೈಗೆ ದಿನವೂ ಕೆಲಸ ಕೊಡದಿದ್ದರೆ ಅದು ಹಾಗೆಯೇ ಉಳಿದುಬಿಡುತ್ತದೆ ಎಂದ ವೈದ್ಯರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಆಯುಷ್ಯವಿಡೀ ಲಾರಿ ಓಡಿಸಿದ ಮಾವ, ತಾನೇನು ಹಾಲುಹಲ್ಲಿನ ಮಗುವೇ ಎಂದು ಕೇಳಿ ಅದನ್ನು ಮಂಚದ ಕೆಳಗೆ ಉರುಳಿಸಿದರು. ಆಡಿದರೆ ಕೋಲಿನಿಂದ ಚೆಂಡುಗಳನ್ನು ಕುಳಿಗೆ ಬೀಳಿಸುವ ಪೂಲ್ ಮಾತ್ರ, ಅದೂ ತನ್ನ ಮೇಜಿನ ಮೇಲೆ ಎಂದು ಹಟ ಹಿಡಿದರು. ಆ ಮೇಜಿನ ಬಟ್ಟೆಯೋ ಹರಿದು ಚಿಂದಿಯಾಗಿತ್ತು, ಅಂಚಿಗೆ ಬಡಿದ ಚೆಂಡು ಕಲಸಿದ ಹಿಟ್ಟಿಗೆ ಬಿದ್ದಂತೆ ಅಲ್ಲೇ ನಿಲ್ಲುತ್ತಿತ್ತು.

ಗಾತ್ರ ಮತ್ತು ತಯಾರಕರ ಹೆಸರು ಇಲ್ಲದೆ ಒಂದು ಎಳೆ ದಾರವನ್ನೂ ಕಳಿಸುವುದಿಲ್ಲವೆಂಬ ತಮ್ಮ ಶಿಸ್ತಿಗೆ ತಲೆಬಾಗಿ ನಾನು ಅಳತೆಗೆ ಇಳಿದೆ. ಮೇಜಿನ ಹೊರಮೈಯನ್ನು ಅಳೆದು ಕಳಿಸಿದಾಗ ತಾವು ಮರದ ಚೌಕಟ್ಟನ್ನು ಬಿಟ್ಟು, ಈ ಕಡೆಯ ರಬ್ಬರಿನ ಮೂಗಿನಿಂದ, ಅಂದರೆ ಅದರ ಮುಂಚಾಚಿದ ತುದಿಯಿಂದ, ಆ ಕಡೆಯ ರಬ್ಬರಿನ ಮೂಗಿಗೆ, ಚೆಂಡು ಓಡಾಡುವ ಜಾಗವನ್ನಷ್ಟೇ ಅಳೆಯಬೇಕೆಂದು ತಿದ್ದಿದಿರಿ. ಒಪ್ಪಿದೆ. ಅಗಲ ನಲವತ್ತನಾಲ್ಕು ಇಂಚು, ಉದ್ದ ಎಪ್ಪತ್ತನಾಲ್ಕು ಎಂದು ಬರೆದೆ. ಉದ್ದ ಯಾವತ್ತೂ ಅಗಲದ ಎರಡರಷ್ಟೇ ಇರುತ್ತದೆ, ಟೇಪನ್ನು ನೆಟ್ಟಗೆ ಹಿಡಿಯಲು ಕಲಿಯಿರಿ ಎಂದು ಉತ್ತರಿಸಿದಿರಿ. ನಗರದ ರಸ್ತೆಗಳನ್ನು ಅಳೆಯುವುದೇ ನನ್ನ ಹೊಟ್ಟೆಪಾಡು ಎಂಬುದನ್ನು ಆಗ ವಿನಯದಿಂದ ಮುಚ್ಚಿಟ್ಟಿದ್ದೆ, ಈಗ ಅದೇ ವಿನಯದಿಂದ ತಿಳಿಸುತ್ತಿದ್ದೇನೆ.

ಬಳಿಕ ತಾವು ಪಕ್ಕದಂಚಿನ ನಡುಕುಳಿಯಿಂದ ಎರಡೂ ಮೂಲೆಗಳಿಗೆ ಎಷ್ಟು ದೂರವೆಂದು ಕೇಳಿದಿರಿ. ಒಂದು ಕಡೆ ನಲವತ್ತನಾಲ್ಕು, ಇನ್ನೊಂದು ಕಡೆ ಮೂವತ್ತು ಬಂತು. ನಡುಕುಳಿ ನಡುವಿನಲ್ಲೇ ಇರಲಿಲ್ಲ. ಮದುವೆಯಾದಂದಿನಿಂದ ನಾನು ಆ ಕುಳಿಗೆ ಗುರಿಯಿಟ್ಟು ತಪ್ಪುತ್ತಿದ್ದೆ, ಮೇಜಿನಲ್ಲೇ ಏನೋ ಐಬಿದೆ ಎಂದಾಗಲೆಲ್ಲ ಮಾವ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಕ್ಕು ಎಲ್ಲ ಚೆಂಡುಗಳನ್ನೂ ತಾವೇ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ನೆಲ ನಿಜವಾಗಿಯೂ ಡೊಂಕಾಗಿತ್ತು ಸ್ವಾಮಿ. ನನ್ನ ಮಾನ ಉಳಿಸಿದ ಆ ಒಂದು ಪ್ರಶ್ನೆಗೆ ನಾನು ತಮಗೆ ಚಿರಋಣಿ. ಆದರೆ ತಾವು ನನ್ನ ಉತ್ತರವನ್ನು ಓದಿ ಒಂದೇ ಸಾಲಿನಲ್ಲಿ, ಇಂಥ ಮೇಜು ಅಸ್ತಿತ್ವದಲ್ಲಿಲ್ಲ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡಿರಿ.

ನೋಡದೆಯೇ ಇಲ್ಲವೆನ್ನುವ ಧೈರ್ಯ ದೊಡ್ಡ ಜ್ಞಾನಿಗಳಿಗೆ ಮಾತ್ರ ಬರುತ್ತದೆ. ತೀರ್ಪಿನ ದಿನವೇ ನನ್ನ ಹೆಂಡತಿ ಒಗೆದ ಬಟ್ಟೆಗಳನ್ನು ಆ ಇಲ್ಲದ ಮೇಜಿನ ಮೇಲೆ ಮಡಿಸಿಟ್ಟಳು, ನಾನು ಅದರ ಮೂಲೆಗೆ ಸೊಂಟ ತಾಗಿಸಿಕೊಂಡು ಇಲ್ಲದ ನೋವಿಗೆ ಇರುವ ಮುಲಾಮನ್ನು ಹಚ್ಚಿಕೊಂಡೆ. ಹೆಸರಾದರೂ ಸಿಕ್ಕೀತೆಂದು ಇಬ್ಬರೂ ಟಾರ್ಚು ಹಿಡಿದು ಮೇಜಿನಡಿ ಅಂಗಾತ ಮಲಗಿದೆವು. ಕಾಲು, ಕುಳಿ, ತಿರುಪು ಯಾವುದರ ಮೇಲೂ ಒಂದಕ್ಷರ ಇರಲಿಲ್ಲ, ಸಿಕ್ಕಿದ್ದು ಜೇಡರಬಲೆ ಮಾತ್ರ. ಇದಕ್ಕಿಂತ ವಿಚಿತ್ರವೆಂದರೆ, ಮೇಜು ಬೇಕೆಂದು ಹಟ ಹಿಡಿದಿದ್ದ ಮಾವನೇ ಈಗ ಬಿಟ್ಟುಬಿಡಿ, ಬೇಡ, ಕೈ ಇದ್ದಹಾಗಿರಲಿ ಎಂದು ಗೋಡೆಗೆ ಮುಖ ಮಾಡಿ ಕೂತುಬಿಟ್ಟರು. ನನಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆಗ ಅತ್ತೆ, ಹುಣಸೆಹಣ್ಣು ನುಂಗಿದಷ್ಟು ಗಂಭೀರ ಮುಖದಲ್ಲಿ, ಅಡುಗೆಕಟ್ಟೆಯ ಮೇಲೆ ತರಕಾರಿ ಹೆಚ್ಚುವ ಉದ್ದನೆಯ ಹಲಗೆಯನ್ನು ಕಿತ್ತು ತಂದು ಮಾವನ ಮುಂದೆ ಮಗುಚಿ ಇಟ್ಟರು. ಅದರ ಬೆನ್ನಿನ ಮೇಲೆ ಸುಟ್ಟಚ್ಚಿನಲ್ಲಿ ತಯಾರಕರ ಹೆಸರಿತ್ತು. ನಡೆದದ್ದು ಇಷ್ಟು: ಅತ್ತೆ ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಾಗ ಮಾವ ಒಂದು ಎಂಟಡಿಯ ಹಳೆಯ ಮೇಜನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಅದನ್ನು ಕೋಣೆಯಲ್ಲಿಟ್ಟರೆ ಮಗುವಿನ ತೊಟ್ಟಿಲಿಗೆ ಜಾಗವಿರಲಿಲ್ಲ. ಗರಗಸ ತಂದು ಒಂದು ತುದಿಯಿಂದ ಹದಿನಾಲ್ಕು ಇಂಚು ಕೊಯ್ದು, ಅಂಚನ್ನು ಮತ್ತೆ ಜೋಡಿಸಿ, ಅಂಗಡಿಯವನು ಕೊಟ್ಟದ್ದೇ ಚಿಕ್ಕ ಮೇಜೆಂದೂ, ಕೊಯ್ದ ಹಲಗೆಯನ್ನು ಅವನು ಜೊತೆಗೆ ಪುಕ್ಕಟೆ ಕೊಟ್ಟನೆಂದೂ ಕಥೆ ಕಟ್ಟಿದರು. ಆ ತೊಟ್ಟಿಲಿನ ಮಗುವೇ ಟಾರ್ಚು ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದವಳು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂದು ಮಾವ ತೊದಲಿದರು. ಅತ್ತೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಮೊದಲನೇ ಸಲ ತೊಳೆಯೋಕೆ ಎತ್ತಿದಾಗಲೇ ನೋಡಿದ್ದೆ. ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ರಿ, ನಾನ್ಯಾಕೆ ಕೆಡಿಸ್ಲಿ?”

ಮಾವ ನಾಚಿ ಆ ಹೆಸರನ್ನು ಮುಚ್ಚಲು ಗಬಕ್ಕನೆ ಕೈ ಚಾಚಿದರು. ಚಾಚಿದ್ದು ಬಲಗೈ. ಅದು ಅರ್ಧ ದಾರಿಯಲ್ಲಿ ನಡುಗಿತು, ಆದರೂ ಹೋಗಿ ಹಲಗೆಯ ಮೇಲೆ ಕೂತಿತು.

ಆದ್ದರಿಂದ ಮಾನ್ಯರೇ, ತಮ್ಮ ಅಳತೆಪಟ್ಟಿಯಲ್ಲಿ ಏಳಡಿ ಮತ್ತು ಎಂಟಡಿಗಳ ನಡುವೆ ‘ತೊಟ್ಟಿಲು ಬಿಟ್ಟು ಉಳಿದದ್ದು’ ಎಂಬ ಹೊಸ ಗಾತ್ರವೊಂದನ್ನು ಸೇರಿಸಬೇಕಾಗಿಯೂ, ಅದಕ್ಕೆ ತಕ್ಕ ಬಟ್ಟೆ ಮತ್ತು ರಬ್ಬರನ್ನು ಕಳಿಸಬೇಕಾಗಿಯೂ, ಅದು ಆಗದಿದ್ದರೆ ಈ ಮೇಜು ಇಲ್ಲವೆಂದು ನನ್ನ ಸೊಂಟವನ್ನು ಒಪ್ಪಿಸಬಲ್ಲ ಅಧಿಕಾರಿಯೊಬ್ಬರನ್ನಾದರೂ ಕಳಿಸಬೇಕಾಗಿಯೂ ಬೇಡುತ್ತೇನೆ. ಅವರು ಬಂದರೆ ಮಾವನ ಜೊತೆ ಒಂದು ಆಟ ಆಡಿಯೇ ಹೋಗಬೇಕು. ನಡುಕುಳಿಗೆ ಗುರಿಯಿಡುವಾಗ ಟೇಪನ್ನು ನೆಟ್ಟಗೆ ಹಿಡಿಯಲು ಮರೆಯದಿರಲಿ.

ಇಂತಿ, ಟೇಪು ಹಿಡಿಯಲು ಈಗಷ್ಟೇ ಕಲಿತ,
ತಮ್ಮ ವಿಶ್ವಾಸಿ,
ಇಲ್ಲದ ಮೇಜಿನ ಮನೆಯ ಅಳಿಯ

ಮರೆತ ಮಾತು: ಹಲಗೆಯ ಬೆನ್ನಿನ ಮೇಲಿದ್ದ ತಯಾರಕರ ಹೆಸರನ್ನು ತಿಳಿಸುವುದೇ ಬಿಟ್ಟುಹೋಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅದು ತಮ್ಮದೇ ಸಂಸ್ಥೆಯ ಹೆಸರು. ಅದರ ಕೆಳಗೆ ‘ಜೀವಮಾನವಿಡೀ ಖಾತರಿ’ ಎಂದೂ ಒತ್ತಿದ್ದೀರಿ. ಯಾರ ಜೀವಮಾನ ಎಂದು ಹೇಳಿಲ್ಲವಾದ್ದರಿಂದ ನಾವು ಮಾವನದೆಂದು ಇಟ್ಟುಕೊಂಡಿದ್ದೇವೆ. ಅವರು ಇನ್ನೂ ಬಹಳ ಕಾಲ ಇರುವ ಅಂದಾಜಿದೆ. ಇವತ್ತು ಬೆಳಿಗ್ಗೆ ಹರಿದ ಬಟ್ಟೆಯ ಮೇಲೆಯೇ, ಅದೇ ಬಲಗೈಯಲ್ಲಿ, ನನ್ನನ್ನು ಸೋಲಿಸಿದರು.