ಗಲ್ಲಾದ ಕುರ್ಚಿ ಮತ್ತು ಹೊಟ್ಟೆಹುಣ್ಣಿನ ಕಾರಣ

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ದವಾಖಾನೆ ಇಟ್ಟುಕೊಂಡು ಕೂತ ಮೇಲೆ ನನಗೆ ತಿಳಿದ ಸಂಗತಿ ಇದು: ರೋಗಗಳು ಅಷ್ಟಾಗಿ ಬದಲಾಗುವುದಿಲ್ಲ, ಬದಲಾಗುವುದು ಅವುಗಳ ಕಾರಣ. ಕಾಲೇಜಿನಲ್ಲಿ ನಾವು ಬಾಯಿಪಾಠ ಮಾಡಿದ್ದರಲ್ಲಿ ಎಷ್ಟೋ ಈಗ ಸುಳ್ಳಾಗಿದೆ. ವಿಜ್ಞಾನ ನಡೆಯುವುದೇ ಹಾಗೆ, ಹೊಸ ಸಾಕ್ಷಿ ಬಂದರೆ ಹಳೆಯ ಮಾತು ಬಿಡಬೇಕು. ಇದನ್ನು ಪುಸ್ತಕದಲ್ಲಿ ಓದುವುದು ಸುಲಭ, ಪೇಶಂಟಿಗೆ ಹೇಳಿ ನೋಡಿ.

೧. ಹಳದಿ

ಮೈಸೂರಿನ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನ ಹಳೆಯ ಪೇಶಂಟ್. ಮೊಟ್ಟೆಯ ಹಳದಿ ಹೃದಯಕ್ಕೆ ಕೆಟ್ಟದ್ದು ಎಂದು ಡಾಕ್ಟರುಗಳೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದ ಕಾಲದಲ್ಲಿ ಅವರು ಅದನ್ನು ಬಿಟ್ಟಿದ್ದರು. ಮೊನ್ನೆ ಬಂದಾಗ, "ಈಗ ಅಷ್ಟು ಹೆದರೋದು ಬೇಡ ಅಂತಾರೆ. ನಿಮ್ಮ ರಿಪೋರ್ಟೂ ಚೆನ್ನಾಗಿದೆ. ದಿನಕ್ಕೊಂದು ಪೂರ್ತಿ ಮೊಟ್ಟೆ ತಿನ್ನಿ" ಎಂದೆ.

ಅವರು ರಿಪೋರ್ಟನ್ನು ಮಡಿಚಿ ಮೇಜಿನ ಮೇಲಿಟ್ಟರು.

"ಇಷ್ಟು ವರ್ಷ ಹಳದಿಯನ್ನೆಲ್ಲ ನಮ್ಮ ಬಿಲ್ಡಿಂಗಿನ ಬೆಕ್ಕಿಗೆ ಹಾಕಿದೆನಲ್ಲ ಸಾರ್!"

"ಹೋಗಲಿ ಬಿಡಿ, ಬೆಕ್ಕಿಗಾದರೂ ಸಿಕ್ಕಿತು."

"ಅದಲ್ಲ ಸಾರ್. ಆ ಮುದಿ ಬೆಕ್ಕು ಈಗಲೂ ಕಾಂಪೌಂಡ್ ಹಾರುತ್ತೆ, ನಾನು ಲಿಫ್ಟಿಗೆ ಕಾಯ್ತೀನಿ. ಸಾಕ್ಷಿ ಕಣ್ಣೆದುರಿಗೇ ಇತ್ತು, ನಾವಿಬ್ಬರೂ ನೋಡಲಿಲ್ಲ."

೨. ವಾಸನೆ

ಒಂದು ಮಳೆಗಾಲ ನಮ್ಮ ಸೊಸೈಟಿಯಲ್ಲಿ ಮನೆಮನೆಗೂ ಡೆಂಗ್ಯೂ. ಸೆಕ್ರೆಟರಿ ಧಾರವಾಡದ ಕಡೆಯವರು, ಮೀಟಿಂಗ್ ಕರೆದರು. ಅವರ ಪ್ರಕಾರ ಜ್ವರಕ್ಕೆ ಕಾರಣ ಬಿಲ್ಡಿಂಗಿನ ಹಿಂದಿನ ಕೊಳಚೆ ನಾಲಾದ ನಾತ. "ಕೆಟ್ಟ ವಾಸನೆಯಿಂದ ಜ್ವರ ಬರುತ್ತೆ ಅನ್ನೋದನ್ನ ಜಗತ್ತು ಬಿಟ್ಟು ನೂರು ವರ್ಷದ ಮೇಲಾಯಿತು" ಎಂದೆ. ಅವರು ಎಲ್ಲರ ಕೈ ಎತ್ತಿಸಿದರು. ನಾಲಾವೇ ಕಾರಣ ಎಂದು ಬಹುಮತದಿಂದ ಪಾಸಾಯಿತು, ಅದಕ್ಕೆ ಫಿನಾಯಿಲ್ ಸುರಿದದ್ದೂ ಆಯಿತು. ಜ್ವರಕ್ಕೆ ಮಾತ್ರ ಈ ಠರಾವು ಗೊತ್ತಾಗಲಿಲ್ಲ.

ಕೊನೆಗೆ ಸೆಕ್ರೆಟರಿಯ ಮನೆಗೇ ಜ್ವರ ನೋಡಲು ಹೋದೆ. ಬಾಲ್ಕನಿಯಲ್ಲಿ ಹೂಕುಂಡಗಳ ಕೆಳಗಿನ ತಟ್ಟೆಗಳಲ್ಲಿ ತಿಳಿನೀರು ನಿಂತಿತ್ತು, ನೀರಿನ ತುಂಬ ಸೊಳ್ಳೆಮರಿ. ತೋರಿಸಿದೆ. ಅವರು ತಟ್ಟೆ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಏನ್ರಿ ಡಾಕ್ಟ್ರ, ಇದಕ್ಕ ವಾಸನೀನ ಇಲ್ಲಲ್ರಿ!"

೩. ತಲೆಬಿಸಿ

ನಮ್ಮ ಗಲ್ಲಿಯ ಹೋಟೆಲಿನ ಯಜಮಾನರು ಕರಾವಳಿಯವರು. ಬಹಳ ಹಿಂದೆ ಊರಿನ ವಯಸ್ಸಾದ ಡಾಕ್ಟರೊಬ್ಬರು ಅವರ ಹೊಟ್ಟೆಹುಣ್ಣಿಗೆ ತಲೆಬಿಸಿಯೇ ಕಾರಣ ಎಂದಿದ್ದರಂತೆ. ಯಜಮಾನರು ಅಂದೇ ಗಲ್ಲಾದಿಂದ ಎದ್ದು, ಹೋಟೆಲಿನ ತಲೆಬಿಸಿಯನ್ನೆಲ್ಲ ಹೆಂಡತಿಗೆ ಒಪ್ಪಿಸಿದರು. ತರಕಾರಿ, ಗ್ಯಾಸು, ಹೇಳದೆ ಕೇಳದೆ ಊರಿಗೆ ಹೋಗುವ ಅಡುಗೆ ಭಟ್ಟರು, ಎಲ್ಲ ಆಕೆಯ ಪಾಲಾಯಿತು. ಇವರದ್ದು ಮಧ್ಯಾಹ್ನ ನಿದ್ದೆ, ಸಂಜೆ ಡೊಂಬಿವಲಿಗೆ ಹೋಗಿ ತಾಳಮದ್ದಳೆ. ರಾಜ್ಯದ ಚಿಂತೆಯಲ್ಲಿ ಕೊರಗುವ ಧರ್ಮರಾಯನ ಅರ್ಥ ಹೇಳುವುದರಲ್ಲಿ ಅವರದ್ದು ಎತ್ತಿದ ಕೈ.

ಈಚೆಗೆ ನೋವು ಮರುಕಳಿಸಿತು. ವಾಶಿಯಲ್ಲಿ ಎಂಡೋಸ್ಕೋಪಿ ಮಾಡಿಸಿ ರಿಪೋರ್ಟ್ ತಂದರು.

"ನಿಮ್ಮ ಹುಣ್ಣಿಗೆ ಕಾರಣ ತಲೆಬಿಸಿಯಲ್ಲ, ಒಂದು ಕ್ರಿಮಿ. ಮಾತ್ರೆ ತಗೊಂಡರೆ ವಾಸಿಯಾಗುತ್ತೆ" ಎಂದೆ.

ಸಂತೋಷಪಡಬೇಕಾದ ಮನುಷ್ಯನ ಮುಖ ಬಾಡಿತು.

"ಹಾಗಾದ್ರೆ ಇನ್ನು ತಲೆಬಿಸಿ ಮಾಡಿದ್ರೂ ಎಂತ ಆಗೂದಿಲ್ವಾ?"

"ಅದರಿಂದ ಹುಣ್ಣಂತೂ ಆಗಲ್ಲ."

ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಮಾತ್ರೆ ಎಷ್ಟು ಬೇಕಾದ್ರೂ ಕೊಡಿ ಡಾಕ್ಟ್ರೇ, ನುಂಗ್ತೇನೆ. ಕಾರಣ ಮಾತ್ರ ನನ್ನ ಹೆಂಡತಿಗೆ ಹೇಳ್ಬೇಡಿ ಮಾರಾಯ್ರೇ."

೪. ಕುರ್ಚಿ

ಕೆಲವು ದಿನ ಬಿಟ್ಟು ಹೋಟೆಲ್ ಯಜಮಾನರ ಹೆಂಡತಿ ಬಂದರು. ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಎಲ್ಲ ತಿಳಿದುಕೊಂಡಿದ್ದರು. ಬೈಯಲು ಬಂದಿದ್ದಾರೆ ಅಂದುಕೊಂಡೆ.

"ಕ್ರಿಮಿಯಂತೆ, ಅಲ್ವಾ ಡಾಕ್ಟ್ರೇ? ಅವರಿಗೆ ಹೇಳಿದ್ರಾ?"

ಪೇಶಂಟಿನ ಗುಟ್ಟು ಬಿಟ್ಟುಕೊಡಬಾರದೆಂದು ನಾನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ.

"ಹೇಳ್ಬೇಡಿ. ಗೊತ್ತಾದ್ರೆ ನಾಳೆಯೇ ಬಂದು ಗಲ್ಲಾದಲ್ಲಿ ಕೂತ್ಕೊಳ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನನ್ನ ಹತ್ರ ಯಾರೂ ಎಂತದೂ ಕೇಳಿದವರಿಲ್ಲ. ಈಗ ಬೆಳಿಗ್ಗೆ ಭಟ್ರು 'ಅಕ್ಕಾ, ಇವತ್ತು ಎಂತ ಮಾಡುವ?' ಅಂತ ನನ್ನ ಹತ್ರವೇ ಕೇಳ್ತಾರೆ. ಆ ಕುರ್ಚಿ ನಾನು ಬಿಡೂದಿಲ್ಲ."

ನನಗೆ ಆಕೆಯ ಮೇಲೆ ಗೌರವ ಹುಟ್ಟಿತು.

ಮಾತ್ರೆ ಮುಗಿದು, ಮತ್ತೊಂದು ಪರೀಕ್ಷೆಯೂ ಆಗಿ, ಗಂಡ ಹೆಂಡತಿ ಒಟ್ಟಿಗೆ ಬಂದರು. "ಪೂರ್ತಿ ವಾಸಿಯಾಗಿದೆ" ಎಂದೆ. ಮುಂದೇನು ಹೇಳಿಬಿಡುತ್ತೇನೋ ಎಂದು ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಆಕೆ, "ನೀವು ತಲೆಬಿಸಿ ಬಿಟ್ಟದ್ದು ಒಳ್ಳೇದೇ ಆಯ್ತು ನೋಡಿ" ಎಂದರು.

"ಅಲ್ವಾ ಮತ್ತೆ!" ಎಂದರು ಗಂಡ.

ಜಗತ್ತು ಎಂದೋ ಕೈಬಿಟ್ಟ ಸಿದ್ಧಾಂತವೊಂದು ನನ್ನ ದವಾಖಾನೆಯಲ್ಲಿ ಅವಿರೋಧವಾಗಿ ಪಾಸಾಯಿತು.

ಗಂಡ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದರು. ಆಕೆ ಬಾಗಿಲಿನಿಂದ ತಿರುಗಿ ಬಂದು ದನಿ ತಗ್ಗಿಸಿದರು.

"ಡಾಕ್ಟ್ರೇ, ಈಗೀಗ ನನಗೂ ಹೊಟ್ಟೆಯಲ್ಲಿ ಉರಿ ಶುರುವಾಗಿದೆ. ನಾಳೆ ಬಂದು ತೋರಿಸ್ತೇನೆ. ಆದ್ರೆ ಈಗಲೇ ಹೇಳಿಡ್ತೇನೆ, ನನ್ನದು ಕ್ರಿಮಿಯೇ."