ಮಾಲೀಕರಿಗೊಂದು ಜಪಾನೀ ಸಿನಿಮಾ

ಅಡಿವೆಪ್ಪನ ಊರಿನಲ್ಲಿ ಯಾರೂ ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ. ಎತ್ತು ಕೇಳಲು ಹೋದವನು ಮೊದಲು ಮಳೆಯ ಮಾತಾಡಬೇಕು, ಆಮೇಲೆ ಮಗಳ ಬಾಣಂತನದ ಮಾತು. ಚಹಾ ಮುಗಿಸಿ ಚಪ್ಪಲಿ ಮೆಟ್ಟುವಾಗ, ಆಗಷ್ಟೇ ನೆನಪಾದವನಂತೆ, “ಅಂದಹಾಂಗ, ನಾಳೆ ನಿಮ್ಮ ಎತ್ತು ಖಾಲಿ ಅದಾವೇನು?” ಎನ್ನಬೇಕು. ನರಗುಂದದ ಕಡೆಯ ಈ ಪದ್ಧತಿಯನ್ನು ಅವನು ಕಂಪ್ಯೂಟರಿನವರಿಗೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಜೊತೆಗೇ ಅಲ್ಲಿನ ಸೇಂಟ್ ಲಿಯೋನ್-ರೋಟ್‌ವರೆಗೂ ತಂದಿದ್ದ. ಆ ಶನಿವಾರದ ಪಜೀತಿಗೆಲ್ಲ ಅದೇ ಮೂಲ.

ಹೆಂಡತಿ ವೇದಾಳಿಗೆ ವೀಸಾ ಸಿಗಬೇಕಾದರೆ, ಇಬ್ಬರೂ ಆ ಮನೆಯಲ್ಲಿರಲು ಮಾಲೀಕರ ಒಪ್ಪಿಗೆ ಬೇಕಿತ್ತು. ಅಡಿವೆಪ್ಪನದು ಒಂದೇ ಕೋಣೆ, ಒಬ್ಬನಿಗೆಂದೇ ಕೊಟ್ಟದ್ದು. ಬೇರೆ ಮನೆ ಹುಡುಕೋಣವೆಂದರೆ, ಕಂಪ್ಯೂಟರಿನವರೆಲ್ಲ ಬಂದು ಮುಗಿಬಿದ್ದು ಊರಲ್ಲಿ ಕೋಳಿಗೂಡೂ ಖಾಲಿ ಇರಲಿಲ್ಲ. ಮಾಲೀಕ ಬ್ರೆನರ್ ಮೇಲಿನ ಮಹಡಿಯಲ್ಲಿದ್ದರು. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ, ಮಾತು ಕಡಿಮೆಯ ಮುದುಕ. ಇಸ್ತ್ರಿ ಹಾಕಿ ಮಡಿಸಿಟ್ಟಂಥ ಮುಖ. ನಗು ಎಂಬ ಸುಕ್ಕು ಅದರ ಮೇಲೆ ಬಿದ್ದದ್ದನ್ನು ಕಂಡವರಿಲ್ಲ.

ಬೆಳಿಗ್ಗೆ ಊರಿನಿಂದ ವೇದಾಳ ಫೋನು ಬಂದಿತ್ತು. “ಸೋಮವಾರ ಕಾಗದಾ ಕೊಡಬೇಕ್ರೀ. ಸುತ್ತಿ ಬಳಸಿ ಹೋಗಬ್ಯಾಡ್ರಿ. ಸೀದಾ ಕೇಳ್ರಿ.”

ಅಡಿವೆಪ್ಪ ಮೆಟ್ಟಿಲು ಹತ್ತಿದ. ಬ್ರೆನರ್ ಬಾಗಿಲು ತೆರೆದರು. ಇವನು ಚಳಿಯ ಬಗ್ಗೆ ಮಾತಾಡಿದ. ಅವರು “ಉಂಡ್?” ಎಂದರು, ಮತ್ತೇನು ಎಂದು ಅದರ ಅರ್ಥ. ಇವನು ಹಳದಿ ಚೀಲದ ಕಸ ಯಾವ ದಿನ ಹೊರಗಿಡಬೇಕೆಂದು ಕೇಳಿದ. ಹೇಳಿದರು. “ಉಂಡ್?” ಇವನು ನಮಸ್ಕಾರ ಮಾಡಿ ಇಳಿದು ಬಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋಗಿ, ರದ್ದಿ ಕಾಗದದ ಡಬ್ಬಿಯ ಬಗ್ಗೆಯೂ ಸಂಪೂರ್ಣ ತಿಳಿದುಕೊಂಡು ಬಂದ. ಮೆಟ್ಟಿಲಲ್ಲಿ ಪಕ್ಕದ ಮನೆಯಾಕೆ ಫ್ರೌ ಲಿಂಕ್ ತಡೆದು, ನಿನ್ನೆ ಅವನು ಎರಡು ಹೊಸ ತಲೆದಿಂಬು ತಂದದ್ದನ್ನು ಕಿಟಕಿಯಿಂದ ನೋಡಿದ್ದಾಗಿ ಹೇಳಿ, ಯಾರಾದರೂ ಬರುವವರಿದ್ದಾರೋ ಎಂದು ವಿಚಾರಿಸಿದಳು. ತನ್ನ ತಲೆಗೇ ಎರಡು ಬೇಕಾಗುತ್ತವೆಂದು ಹೇಳಿ ಅಡಿವೆಪ್ಪ ಜಾರಿಕೊಂಡ.

ಮಧ್ಯಾಹ್ನ ಆಫೀಸಿನ ಗೆಳೆಯ, ಮೈಸೂರಿನ ಸುಹಾಸ್ ಬಂದ. ಕತೆಯೆಲ್ಲ ಕೇಳಿ ತಲೆಯಾಡಿಸಿದ. “ಗುರು, ಸುಮ್ನೆ ಕೇಳಿದ್ರೆ ಆ ಮುದ್ಕ ನೈನ್, ಆಗಲ್ಲ ಅಂದ್ಬಿಡ್ತಾನೆ. ಮೊದ್ಲು ನಗಿಸ್ಬೇಕು. ಹೊಟ್ಟೆ ತುಂಬ ನಕ್ಕೋನು ಯಾವತ್ತೂ ಇಲ್ಲ ಅನ್ನಲ್ಲ.”

ಸಂಜೆಯೊಳಗೆ ಸುಹಾಸ್ ಕ್ಯಾಸೆಟ್ ಅಂಗಡಿಯಿಂದ ಒಂದು ಜಪಾನೀ ಸಿನಿಮಾ ತಂದುಕೊಟ್ಟ. ಹೊದಿಕೆಯ ಮೇಲೆ ಒಬ್ಬ ಮುದುಕ, ಒಬ್ಬ ಹುಡುಗ. ಸುರಿಯುವ ಮಳೆಯಲ್ಲಿ ಒಂದೇ ಕೊಡೆ ಹಿಡಿದು ಹಲ್ಲು ಕಿರಿಯುತ್ತಿದ್ದರು. ಮನೆ ಮಾಲೀಕನಿಗೂ ಬಾಡಿಗೆಯವನಿಗೂ ಸ್ನೇಹವಾಗುವ ಕತೆಯೆಂದೂ, ನೋಡಿದವರು ಬಿದ್ದು ಬಿದ್ದು ನಗುತ್ತಾರೆಂದೂ ಅಂಗಡಿಯವನು ಹೇಳಿದ್ದನಂತೆ. ಮಾತೆಲ್ಲ ಜಪಾನಿನದು, ಕೆಳಗೆ ಓಡುವ ಅಕ್ಷರ ಜರ್ಮನಿಯದು.

“ನಮಗ ಒಂದಕ್ಷರಾನೂ ತಿಳಿಯಂಗಿಲ್ಲಲ್ಲೋ,” ಎಂದ ಅಡಿವೆಪ್ಪ.

“ಅವ್ನಿಗೆ ತಿಳಿದ್ರೆ ಸಾಕಲ್ವಾ ಮಗಾ? ಮನೆ ಕೊಡ್ಬೇಕಾದೋನು ಅವ್ನು.”

ಅಡಿವೆಪ್ಪ ಮತ್ತೆ ಮೆಟ್ಟಿಲು ಹತ್ತಿ, ರಾತ್ರಿ ಸಿನಿಮಾ ನೋಡಲು ಬನ್ನಿರೆಂದು ಬ್ರೆನರ್ ಅವರನ್ನು ಕರೆದು ಬಂದ.

ಬ್ರೆನರ್ ಹೇಳಿದ ಹೊತ್ತಿಗೆ ಸರಿಯಾಗಿ ಕೋಟು ಹಾಕಿಕೊಂಡು ಬಂದರು. ಕುಳಿತವರೇ ಜೇಬಿನಿಂದ ಕೆಂಪು ದಾರ ಕಟ್ಟಿದ ಎರಡು ಕೀಲಿಕೈ ತೆಗೆದು ಮೇಜಿನ ಮೇಲಿಟ್ಟು “ಉಂಡ್?” ಎಂದರು. ಅಡಿವೆಪ್ಪ ಸಿನಿಮಾ ಹಚ್ಚಿ ಅಡುಗೆಮನೆಗೆ ಓಡಿದ. ಬಂದವರನ್ನು ಬರಿಬಾಯಲ್ಲಿ ಕೂರಿಸುವುದುಂಟೇ? ತುರ್ಕಿಯವರ ಅಂಗಡಿಯ ಮೆಣಸಿನಕಾಯಿ, ಊರಿನಿಂದ ತಂದ ಕಡ್ಲಿಹಿಟ್ಟು, ಕಾದ ಎಣ್ಣೆ ಎಲ್ಲವೂ ಸಿದ್ಧವಾಗಿದ್ದವು.

ಮೊದಲ ಸಲದ ಮಿರ್ಚಿ ಬಾಣಲೆಯಲ್ಲಿದ್ದಾಗ ಹೊರಗೆ ಒಂದು ಸದ್ದು ಕೇಳಿಸಿತು. ಎಷ್ಟೋ ವರ್ಷ ಸುಮ್ಮನಿದ್ದ ಬಾವಿಯ ರಾಟೆ ತಿರುಗಿದಂತೆ. ಇಣುಕಿ ನೋಡಿದರೆ ಬ್ರೆನರ್ ನಗುತ್ತಿದ್ದರು. ತೆರೆಯ ಮೇಲೆ ಬಾಡಿಗೆಯ ಹುಡುಗ ಮದುವೆಯಾದ ಹೊಸ ಹೆಂಡತಿಯನ್ನು ಕೋಣೆಗೆ ಕರೆತರುತ್ತಿದ್ದ, ಮಾಲೀಕ ಬಗ್ಗಿ ಬಗ್ಗಿ ಸ್ವಾಗತಿಸುತ್ತಿದ್ದ. ಶಕುನ ಚೆನ್ನಾಗಿದೆ ಎಂದುಕೊಂಡು ಅಡಿವೆಪ್ಪ ಉತ್ಸಾಹದಿಂದ ಇನ್ನಷ್ಟು ಹಿಟ್ಟು ಕಲಸಿದ.

ಎರಡನೆಯ ತಟ್ಟೆ ಒಯ್ದಾಗ ಆ ಕೋಣೆಯಲ್ಲಿ ಹುಡುಗಿಯ ತಾಯಿಯೂ, ಡೋಲು ಬಾರಿಸುವ ತಮ್ಮನೂ ಇದ್ದರು. ಬ್ರೆನರ್ ಹೊಟ್ಟೆ ಹಿಡಿದುಕೊಂಡಿದ್ದರು. ಮಿರ್ಚಿ ಕಚ್ಚಿದವರ ಕಣ್ಣಲ್ಲಿ ನೀರು ಧಾರಾಕಾರ. ನಗುವಿನದೋ ಖಾರದ್ದೋ ತಿಳಿಯಲಿಲ್ಲ. ಆದರೂ ಕೈ ಮತ್ತೊಂದಕ್ಕೆ ಹೋಯಿತು. ಮೂರನೆಯ ತಟ್ಟೆಯ ಹೊತ್ತಿಗೆ ಆಡೊಂದು ಕೋಣೆ ಸೇರಿತ್ತು. ಕೊನೆಗೆ ದಡಾರನೆ ಸದ್ದಾಗಿ, ಚಾವಣಿ ಕುಸಿದು, ಮಾಲೀಕನೂ ಬಾಡಿಗೆಯವನೂ ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಕುಳಿತರು.

ಬ್ರೆನರ್ ಕಣ್ಣೊರೆಸಿಕೊಂಡು ಎದ್ದು, ಅಡಿವೆಪ್ಪನ ಬೆನ್ನು ತಟ್ಟಿ, ಬಾಗಿಲ ಬಳಿ ಬೂಟಿಗೆ ಕಾಲು ಹಾಕಿದರು. ಇದೇ ಆ ಗಳಿಗೆ. ಅಡಿವೆಪ್ಪ ಆಗಷ್ಟೇ ನೆನಪಾದವನಂತೆ, ಮುಂದಿನ ತಿಂಗಳು ತನ್ನ ಹೆಂಡತಿ ಬರುತ್ತಾಳೆ, ಇಲ್ಲಿ ಇರಬಹುದೇ ಎಂದು ಕೇಳಿಬಿಟ್ಟ.

ಬೂಟಿನ ದಾರ ಬ್ರೆನರ್ ಕೈಯಲ್ಲೇ ನಿಂತಿತು. ಹೈಡೆಲ್‌ಬರ್ಗಿನಲ್ಲಿ ಅಮೆರಿಕದ ಸಿಪಾಯಿಗಳ ಟ್ರಕ್ಕು ಓಡಿಸುವಾಗ ಕಲಿತ ಇಂಗ್ಲಿಷಿನಲ್ಲಿ ಅವರು ನಿಧಾನವಾಗಿ ಹೇಳಿದರು. ತಲೆದಿಂಬಿನ ಸುದ್ದಿಯನ್ನು ಫ್ರೌ ಲಿಂಕ್ ನಿನ್ನೆಯೇ ಮುಟ್ಟಿಸಿದ್ದಳು. ಮೇಲೆ ಎರಡು ಕೋಣೆ ಖಾಲಿ ಇದ್ದವು. ಅವನು ಕೇಳಿದರೆ ಕೊಡೋಣವೆಂದು ಬೆಳಿಗ್ಗೆಯಿಂದ ಕೀಲಿಕೈ ಜೇಬಿನಲ್ಲಿಟ್ಟುಕೊಂಡೇ ಕಾದಿದ್ದರು. ಅವನು ಬರೀ ಕಸದ ವಿಷಯ ಕೇಳಿದ.

“ಈಗ ಈ ಸಿನಿಮಾ ತೋರಿಸಿದಿರಿ. ಅದರಲ್ಲೂ ಮೊದಲು ಬಂದದ್ದು ಹೆಂಡತಿ ಒಬ್ಬಳೇ.” ಅವರು ಚಾವಣಿಯನ್ನೊಮ್ಮೆ ನೋಡಿದರು. “ಮುಂಚಿತವಾಗಿ ಎಚ್ಚರಿಸಿದಿರಿ. ಇಷ್ಟು ಪ್ರಾಮಾಣಿಕ ಬಾಡಿಗೆಯವನನ್ನು ನಾನು ಕಂಡಿಲ್ಲ. ಯೋಚನೆ ಮಾಡಬೇಕು.”

ಕೆಂಪು ದಾರದ ಕೀಲಿಕೈ ಜೇಬು ಸೇರಿತು. ತಟ್ಟೆಯಲ್ಲಿ ಉಳಿದ ಮಿರ್ಚಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಮುಂದಿನ ಶನಿವಾರ ಸಿನಿಮಾ ತನ್ನದೆಂದು ಹೇಳಿ ಹೋದರು. ಮೇಲಿನ ಮಹಡಿಯಲ್ಲಿ ರಾಟೆ ಇನ್ನೂ ತಿರುಗುತ್ತಲೇ ಇತ್ತು.

ಫೋನು ಹೊಡೆದುಕೊಂಡಿತು.

“ಕೇಳಿದ್ರೇನ್ರಿ?” ಎಂದಳು ವೇದಾ.

“ಕೇಳೀನಿ. ಭಾಳ ದೋಸ್ತಿ ಆಗೇತಿ.”

“ಹಂಗಂದ್ರ ಒಪ್ಪಿದ್ರು?”

ಅಡಿವೆಪ್ಪ ಬರಿದಾದ ತಟ್ಟೆಯ ಕಡೆ ನೋಡಿದ.

“ಮಿರ್ಚಿ ಒಪ್ಯಾರ.”