ಊಟದ ನಡುವೆ ಎದ್ದ ಕಪ್ಪುಕುಳಿಯವರಿಗೆ ಹೆಣ್ಣಿನ ತಂದೆಯ ಅಹವಾಲು

ಮಾನ್ಯರೇ,

ದೂರದ ಗೆಲಾಕ್ಸಿಯೊಂದರ ನಟ್ಟನಡುವೆ, ಕೋಟಿಗಟ್ಟಲೆ ಸೂರ್ಯರ ತೂಕದೊಂದಿಗೆ ಸುಖಾಸೀನರಾಗಿರುವ ಕಪ್ಪುಕುಳಿಯವರಾದ ತಮಗೆ ಹೊಸನಗರ ತಾಲ್ಲೂಕಿನ ಹುಂಚದಿಂದ ರಾಮಚಂದ್ರಪ್ಪನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮದ ಬಗ್ಗೆಯೇ ಈಗ ಎರಡು ಮನೆಗಳಲ್ಲಿ ಚಿಂತೆ ಹತ್ತಿಕೊಂಡಿರುವುದರಿಂದ ಈ ಪತ್ರ.

ನನ್ನ ಮಗಳು ಸುಚಿತ್ರಾ ತಮ್ಮ ಊಟದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಅವಳು ಹೇಳುವಂತೆ, ಸುತ್ತಲಿನ ಅನಿಲ ತಮ್ಮೊಳಗೆ ನೇರವಾಗಿ ಬೀಳದೆ ತಟ್ಟೆಯಾಕಾರದಲ್ಲಿ ಸುತ್ತುತ್ತಾ, ಉಜ್ಜಾಡಿ ಕಾದು ಬೆಳಗುತ್ತದೆ. ಆ ಬೆಳಕನ್ನು ತಮ್ಮ ನೆತ್ತಿಯ ಬಳಿ ಅದಕ್ಕಿಂತಲೂ ಬಿಸಿಯಾದ ಮೋಡವೊಂದು ಎಕ್ಸ್-ರೇ ಮಾಡಿ ಲೋಕಕ್ಕೆಲ್ಲ ಎರಚುತ್ತದೆ. ನಮ್ಮ ಸಾಗರದ ಆಸ್ಪತ್ರೆಯಲ್ಲಿ ಎಕ್ಸ್-ರೇ ಬೇಕಾದರೆ ಮೂಳೆ ಮುರಿದುಕೊಳ್ಳಬೇಕು, ತಾವು ಊಟಕ್ಕೆ ಕುಳಿತರೆ ಸಾಕು. ಎಂಥ ದೊಡ್ಡತನ!

ಆದರೆ ಕಳೆದ ವರ್ಷದಿಂದ ತಾವು ಊಟ ಬಿಟ್ಟಿದ್ದೀರಿ. ಎಕ್ಸ್-ರೇ ಕುಗ್ಗಿ ಕುಗ್ಗಿ ಉಪಗ್ರಹದ ದೂರದರ್ಶಕಕ್ಕೂ ಕಾಣದಷ್ಟಾಗಿದೆ. ತಾವು ಉಣ್ಣದೆ ಅವಳ ಕೊನೆಯ ಅಧ್ಯಾಯ ಮುಗಿಯದು, ಅಧ್ಯಾಯ ಮುಗಿಯದೆ ಹಸೆಮಣೆ ಏರುವುದಿಲ್ಲವೆಂದು ಅವಳ ಹಟ. ಜೋಗದ ವಿದ್ಯುದಾಗಾರದಲ್ಲಿರುವ ವರ ಸುನಿಲ್ ದೇವರಂಥವನು, ಕಾಯುತ್ತೇನೆ ಎಂದಿದ್ದಾನೆ. ತೀರ್ಥಹಳ್ಳಿಯಲ್ಲಿರುವ ಅವನ ಅಜ್ಜಿ ಕೆರಿಯಮ್ಮನವರಿಗೆ ಮಾತ್ರ ಕಾಯುವ ವಯಸ್ಸಲ್ಲ. ವಿಷಯ ಬಿಡಿಸಿ ಹೇಳಿದ್ದಕ್ಕೆ, “ಅಜೀರ್ಣ ಆಗಿರ್ಬೇಕು ಕಣಪ್ಪ, ಒಂದ್ಲೋಟ ಜೀರಿಗೆ ಕಷಾಯ ಕುಡ್ಸಿ. ನಾನು ಕಣ್ಮುಚ್ಚೋದ್ರೊಳ್ಗೆ ಮೊಮ್ಮಗನ ಮದುವೆ ನೋಡ್ಬೇಕು” ಎಂದರು. ನನಗೆ ನಗು ಬರಲಿಲ್ಲ, ಸಂಕಟವಾಯಿತು.

ನಾನು ಈ ಸೀಮೆಯ ಮದುವೆಗಳಲ್ಲಿ ಬಡಿಸುವವರ ಮುಂದಾಳು. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಹೋಳಿಗೆ ಇಳಿಸಿದವನು. ಪಂಕ್ತಿಯ ಕೊನೆಯವರ ಮಜ್ಜಿಗೆ ಅನ್ನ ಮುಗಿಯುವ ತನಕ ಒಬ್ಬರನ್ನೂ ಏಳಲು ಬಿಟ್ಟವನಲ್ಲ. ಊಟ ಅತಿಯಾದಾಗ ತಮ್ಮ ಬೆಳಕೇ ಮುಂದಿನ ತುತ್ತನ್ನು ಆಚೆ ತಳ್ಳುತ್ತದಂತೆ. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತು, ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಣ್ಣದೊಂದು ಮೋಡ, ತಪ್ಪಿದರೆ ಅರ್ಧ ನಕ್ಷತ್ರ, ದಾಕ್ಷಿಣ್ಯ ಮಾಡಿಕೊಳ್ಳದೆ ಹಾಕಿಸಿಕೊಳ್ಳಬೇಕು. ತಮ್ಮ ಬೆಳಕು ಇಲ್ಲಿಗೆ ತಲುಪಲು ಕೋಟ್ಯಂತರ ವರ್ಷ ಹಿಡಿಯುತ್ತದೆಂದು ಮಗಳು ಎಚ್ಚರಿಸಿದ್ದಾಳೆ. ಆದ್ದರಿಂದ ಈಗ ಉಣ್ಣಿರೆಂದು ಕೇಳುತ್ತಿಲ್ಲ, ಆಗಲೇ ಉಂಡಿರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ. ಮಾಘದ ಲಗ್ನಗಳು ಮುಗಿಯುವುದರೊಳಗೆ ಆ ಬೆಳಕು ಬಂದು ಮುಟ್ಟಿದರೆ ಎರಡೂ ಮನೆಯವರು ತಮ್ಮ ಹೆಸರು ಹೇಳಿ ದೀಪ ಹಚ್ಚುತ್ತೇವೆ.

ಒತ್ತಾಯಕ್ಕೆ ಬೇಸರಿಸದಿರಿ ಎಂದು ಬೇಡುವ,

ತಮ್ಮ ವಿಶ್ವಾಸಿ,
ರಾಮಚಂದ್ರಪ್ಪ, ಹುಂಚ

ವಿ.ಸೂ.: ಸಹಿ ಹಾಕುವಷ್ಟರಲ್ಲಿ ಸುಚಿತ್ರಾಳ ಫೋನು ಬಂತು. ತಾವು ಊಟ ಬಿಟ್ಟಂತೆ ತಟ್ಟೆಯ ಬೆಳಕು, ಅದರ ಬೆನ್ನಿಗೇ ಎಕ್ಸ್-ರೇ ಕುಗ್ಗಿದ್ದೇ, ಎಕ್ಸ್-ರೇ ಹುಟ್ಟುವುದು ಆ ಬೆಳಕಿನಿಂದಲೇ ಎನ್ನಲು ಅವಳಿಗೆ ಬೇಕಾಗಿದ್ದ ಸಾಕ್ಷಿಯಂತೆ. ಅಧ್ಯಾಯ ಮುಗಿದಿದೆ, ಮದುವೆಗೆ ಒಪ್ಪಿದ್ದಾಳೆ. ಕೆರಿಯಮ್ಮನವರು ಆಗಲೇ ಸೀರೆ ಆರಿಸುತ್ತಿದ್ದಾರೆ. ಆದಕಾರಣ ಮೇಲಿನ ಒತ್ತಾಯವನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ಪ್ರಬಂಧ ಸಲ್ಲಿಕೆಯಾಗುವ ತನಕ ಒಂದು ಅಗುಳೂ ಮುಟ್ಟಬೇಡಿ. ತಮಗೆ ಲಗ್ನಪತ್ರಿಕೆ ಮಾತ್ರ ಕಳಿಸುತ್ತಿಲ್ಲ, ಕ್ಷಮಿಸಿ. ನಮ್ಮ ಪಂಕ್ತಿಯಲ್ಲಿ ಕುಳಿತವರು ನಡುವೆ ಏಳುವ ಹಾಗಿಲ್ಲ.